ಮಗಳಿಗೊಂದು ಪತ್ರ: ಫಾರಂನ ಎರಡನೇ ಪ್ರಶ್ನೆ

ಪುಟ್ಟಿ,

ಭಾನುವಾರ ನಿನ್ನ ಪ್ರಮೋಷನ್ ಫಾರಂನಲ್ಲಿ ಬರೆದಿದ್ದನ್ನ ಓದಿ ಹೇಳಿದಾಗ ನಾನು ನಕ್ಕೆ ಅಂತ ನೀನು ಫೋನ್ ಕಟ್ ಮಾಡಿದೆ. ಆಮೇಲೆ ನಾನು ಮಾಡಿದರೆ ಎತ್ತಲಿಲ್ಲ. ನಿಮ್ಮವ್ವ ಮಾಡಿದಾಗ ಎತ್ತಿ, ‘ಅಪ್ಪನ ಕೈಗೆ ಕೊಡಬೇಡ’ ಅಂದೆಯಂತೆ. ಆಗಲಿ. ಕಾಗದದಲ್ಲಾದರೆ ನಡುವೆ ಬಾಯಿ ಹಾಕೋಕೆ ನಿನಗಾಗಲ್ಲ, ಅದಕ್ಕೇ ಬರೀತಿದ್ದೀನಿ.

ನಗಬಾರದಿತ್ತು. ಆದರೆ ನೀನು ಬರೆದಿದ್ದಾದರೂ ಏನು? ಲೀಡರ್ ಆಗಿ ನಿಮ್ಮ ಬಲ ಏನು, ದೌರ್ಬಲ್ಯ ಏನು ಅಂತ ಫಾರಂನಲ್ಲಿ ಕೇಳಿದ್ದಾರೆ. ದೌರ್ಬಲ್ಯದ ಜಾಗದಲ್ಲಿ ‘ಎಲ್ಲ ಕೆಲಸವೂ ಅಚ್ಚುಕಟ್ಟಾಗಿಯೇ ಆಗಬೇಕೆಂಬ ಅತಿಯಾದ ಹಟ’ ಅಂತ ಬರೆದಿದ್ದೀಯ. ಸಾಲ ಕೇಳೋಕೆ ಹೋದವನು ‘ನನ್ನಲ್ಲೊಂದು ಕೆಟ್ಟ ಚಾಳಿ ಇದೆ ಸ್ವಾಮಿ, ಬಡ್ಡಿ ಮುಂಚೆಯೇ ಕಟ್ಟಿಬಿಡ್ತೀನಿ’ ಅಂದಹಾಗಿದೆ. ಎಲ್ಲರೂ ಹಾಗೇ ಬರೀತಾರೆ ಅಂದೆ. ಬರೀಲಿ. ಫಾರಂ ಓದೋ ಮ್ಯಾನೇಜರಿಗೂ ಅದು ಗೊತ್ತಿರುತ್ತೆ.

ಗಾರ್ಮೆಂಟ್ಸ್ ಫ್ಯಾಕ್ಟರಿಗೆ ದಾರ ಕತ್ತರಿಸೋ ಹೆಲ್ಪರ್ ಆಗಿ ಸೇರಿದವಳು ನೀನು. ಟೈಲರ್ ಆಗಿ, ಲೈನ್ ಸೂಪರ್‌ವೈಸರ್ ಆಗಿ, ಈಗ ಇಡೀ ಫ್ಲೋರಿಗೇ ಇನ್‌ಚಾರ್ಜ್ ಆಗೋ ಹೊತ್ತು ಬಂದಿದೆ. ಮದ್ದೂರಿನ ಟೀ ಅಂಗಡಿಯಲ್ಲಿ ಇದನ್ನ ಎಷ್ಟು ಜನಕ್ಕೆ ಹೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಇನ್ನೂ ಆಗಿಲ್ಲ ಸುಮ್ಮನಿರು ಅಂತ ನಿಮ್ಮವ್ವ ಬೈತಾಳೆ.

ಈಗ ವಿಷಯಕ್ಕೆ ಬರ್ತೀನಿ. 2002ರ ಬರ. ಕನ್ನಂಬಾಡಿ 124.80 ಅಡಿ ತುಂಬೋದಿರಲಿ, ನಿಂತ ಬೆಳೆ ಉಳಿದರೆ ಸಾಕು ಅಂತಿದ್ದ ವರ್ಷ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು, ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ನಾನು ನೀರುಗಂಟಿ, ನಾಲೆ ನೀರನ್ನ ಸರದಿ ಪ್ರಕಾರ ಗದ್ದೆಗಳಿಗೆ ಹಂಚೋನು. ನಮ್ಮ ತೂಬಿನ ಸರದಿ ರಾತ್ರಿಗೆ ಬಂದಾಗಲೇ ನನಗೆ ಚಳಿಜ್ವರ. ನೀನು ಹೈಸ್ಕೂಲು ಹುಡುಗಿ. ನನ್ನ ಸರದಿ ಬುಕ್ಕು, ಬ್ಯಾಟ್ರಿ ತಗೊಂಡು ನಾಲೆ ಏರಿ ಮೇಲೆ ಹೊರಟೆ. ಹುಲ್ಲಿನ ಕಂತೆ, ಕಲ್ಲು ಒಟ್ಟಿ ನೀರಿಗೆ ಅಡ್ಡ ಕಟ್ಟಿದ್ದರಲ್ಲ ಮೇಲ್ಭಾಗದವರು, ಅದನ್ನೆಲ್ಲ ತೊಡೆ ಮಟ್ಟದ ನೀರಲ್ಲಿ ನಿಂತು ಒಬ್ಬಳೇ ಕಿತ್ತೆ. ‘ನಿಮ್ಮ ಸರದಿ ಮುಗೀತು, ಬುಕ್ಕಲ್ಲಿದೆ ನೋಡ್ಕಳಿ’ ಅಂದೆಯಂತೆ, ನಿನ್ನ ತಾತನ ವಯಸ್ಸಿನವರಿಗೆ. ಬೆಳಗಾಗೋ ಹೊತ್ತಿಗೆ ಕೊನೇ ಗದ್ದೆಗೆ ನೀರು ಮುಟ್ಟಿತ್ತು.

ಊರೆಲ್ಲ ಹೊಗಳಿತು. ನಾನೂ ಹೊಗಳಿದೆ. ಆದರೆ ಅವತ್ತಿಂದ ಒಂದು ಮಾತು ನನ್ನನ್ನ ಬಿಟ್ಟಿಲ್ಲ. ಆ ತಿರುವಿನಲ್ಲೇ ನಿನ್ನ ಚಿಕ್ಕಪ್ಪನ ಮನೆ. ಜಗಲಿ ಮೇಲೆ ಮಲಗಿದ್ದ. ಯಾಕೆ ಎಬ್ಬಿಸಲಿಲ್ಲ? ಏರಿ ಉದ್ದಕ್ಕೂ ಗುರುತಿನವರ ಮನೆಗಳೇ ಇದ್ದವು, ಒಂದು ಬಾಗಿಲೂ ತಟ್ಟಲಿಲ್ಲ. ಕಾಲು ಜಾರಿದ್ದರೆ? ಕಂತೆಯಲ್ಲಿ ಹಾವಿದ್ದರೆ? ಬ್ಯಾಟ್ರಿ ಕೆಟ್ಟಿದ್ದರೆ? ಅವತ್ತೇ ಕೇಳಿದೆ. ‘ಅವರನ್ನ ಎಬ್ಬಿಸಿ ಹೇಳೋ ಹೊತ್ತಿಗೆ ನಾನೇ ಮಾಡಿ ಮುಗಿಸ್ತೀನಿ’ ಅಂದೆ. ಹೋದ ತಿಂಗಳು, ಕಾಲರ್ ಹೊಲಿಯೋಳು ಬರಲಿಲ್ಲ ಅಂತ ನೀನೇ ಆ ಮೆಷಿನ್ನಿಗೆ ಕೂತು ಟಾರ್ಗೆಟ್ ಮುಗಿಸಿದ್ದನ್ನ ಹೇಳುವಾಗಲೂ ಅದೇ ಮಾತು. ‘ಇನ್ನೊಬ್ಬಳಿಗೆ ಹೇಳಿಕೊಡೋ ಹೊತ್ತಿಗೆ ನಾನೇ ಹೊಲಿದುಬಿಡ್ತೀನಿ.’ ಹೌದು ಕಣವ್ವ, ಹೊಲಿದುಬಿಡ್ತೀಯ. ಒಂದು ಲೈನಿನಲ್ಲಿ ಒಂದು ಮೆಷಿನ್ ಖಾಲಿ ಇದ್ದರೆ ನೀನು ಕೂರಬಹುದು. ಎಂಟು ಲೈನಿನಲ್ಲಿ ಎಂಟು ಖಾಲಿ ಇದ್ದರೆ ಎಲ್ಲಿ ಕೂರ್ತೀಯ? ನಿನ್ನ ಪಕ್ಕದ ಹುಡುಗಿಗೆ ಈ ವರ್ಷವೂ ಕಾಲರ್ ಬರಲ್ಲ, ಬರೋ ವರ್ಷವೂ ಬರಲ್ಲ. ಆಮೇಲೆ ಅವಳು ದಡ್ಡಿ ಅಂತ ನೀನೇ ಕೂಗಾಡ್ತೀಯ.

ಕೂಗಾಡ್ತೀಯ ಅನ್ನೋದು ನನಗೆ ಹೇಗೆ ಗೊತ್ತು ಅಂತ ಕೇಳಬೇಡ. ಫ್ಯಾಕ್ಟರಿ ವ್ಯಾನು ನಮ್ಮೂರಿಗೂ ಬರುತ್ತೆ.

ಹತ್ತು ಸಲ ಹೇಳಿಸಿಕೊಂಡರೂ ಕೆಲವರಿಗೆ ಕೈ ಕೂರಲ್ಲ. ನಿನಗೆ ನೋಡಿದ ಕೂಡಲೇ ಬಂತು. ಅದಕ್ಕೇ ಬಾರದವರೆಲ್ಲ ನಿನಗೆ ಸೋಮಾರಿಗಳ ಥರ ಕಾಣ್ತಾರೆ. ನಮ್ಮ ಗೋಡೆ ಮೇಲೆ ನಾಲ್ವಡಿಯವರ ಪಕ್ಕದಲ್ಲಿ ವಿಶ್ವೇಶ್ವರಯ್ಯನವರ ಫೋಟೋ ಇದೆಯಲ್ಲ, ಅವರನ್ನೇ ನೋಡು. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು, 1911ರಲ್ಲಿ ಕಟ್ಟೆ ಕೆಲಸ ಶುರುವಾಯಿತು, ಮಾರನೇ ವರ್ಷ ದಿವಾನರಾದರು. ಅವರಿಲ್ಲದಿದ್ದರೆ ನಮ್ಮ ನಾಲೆಯೂ ಇಲ್ಲ, ನಾನು ನೀರುಗಂಟಿಯೂ ಅಲ್ಲ. ಅಂಥವರು, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೂ ಪಾಲು ಸಿಗಲಿ ಅಂತ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ಮಾಡಿದಾಗ ಒಪ್ಪಲಿಲ್ಲ. ದಿವಾನಗಿರಿ ಬಿಟ್ಟರು. ಯೋಗ್ಯತೆ ಇದ್ದವನಿಗೆ ಕೆಲಸ, ಅಷ್ಟೇ ಅವರ ಲೆಕ್ಕ. ಆ ಹಟದಿಂದಲೇ ಅಷ್ಟು ದೊಡ್ಡ ಕೆಲಸಗಳಾದವು. ಯೋಗ್ಯತೆ ಸಂಪಾದಿಸೋಕೇ ದಾರಿ ಸಿಗದ ಜನ ಅವರ ಕಣ್ಣಿಗೆ ಬೀಳದೇ ಹೋಗಿದ್ದೂ ಆ ಹಟದಿಂದಲೇ ಅಂತ ನನಗನ್ನಿಸುತ್ತೆ. ಮಂಡ್ಯ ಸೀಮೆಯಲ್ಲಿ ಇದನ್ನ ಗಟ್ಟಿಯಾಗಿ ಹೇಳಿದರೆ ಟೀ ಅಂಗಡಿಯಿಂದ ಎಬ್ಬಿಸಿ ಕಳಿಸ್ತಾರೆ, ನೀನೂ ಎಲ್ಲೂ ಹೇಳಬೇಡ. ಅವರ ಫೋಟೋಕ್ಕೆ ದಿನಾ ಹೂವಿಡೋನು ನಾನೇ. ನಿನ್ನ ಬಲ ಎಲ್ಲಿದೆಯೋ ಅಲ್ಲೇ ಕೊರತೆಯನ್ನೂ ಹುಡುಕು ಅಂತ ಹೇಳೋಕೆ ಇಷ್ಟು ದೂರ ಹೋದೆ.

ಭಾಷಣ ಆಯಿತು, ಗೊತ್ತು. ಇನ್ನೊಂದು ಸ್ವಲ್ಪ ತಡಕೋ.

ನಾಲೆ ತಲೆಭಾಗದವರನ್ನ ಕೇಳಿದರೆ ಎಲ್ಲ ನೀರುಗಂಟಿಗಳೂ ದೇವರಂಥವರೇ. ಅವರಿಗೆ ನೀರು ಹೇಗಿದ್ದರೂ ಹರಿಯುತ್ತೆ, ಸರದಿ ಮೀರಿ ಭತ್ತ, ಕಬ್ಬು ಎರಡನ್ನೂ ಬೆಳೀತಾರೆ. ನೀರುಗಂಟಿ ಎಂಥವನು ಅಂತ ಹೇಳಬಲ್ಲವನು ಕೊನೇ ಗದ್ದೆಯವನು. ಅವನು ಒಳ್ಳೇ ಮಾತಲ್ಲಿ ಹೇಳಲ್ಲ, ಬೈದೇ ಹೇಳ್ತಾನೆ. ನಿನ್ನ ಮ್ಯಾನೇಜರು ನಿನ್ನ ಬಗ್ಗೆ ಏನಂತಾರೆ ಅನ್ನೋದನ್ನ ಬಿಡು. ಹೋದ ವಾರ ಸೇರಿದ ಹೆಲ್ಪರ್ ಹುಡುಗಿ, ರಜೆ ಕೇಳೋಕೆ ನಿನ್ನ ಮೇಜಿನ ಹತ್ತಿರ ಬರೋಕೂ ಹೆದರ್ತಾಳಲ್ಲ, ಅವಳನ್ನ ಕೇಳು. ‘ನಾನು ಹೇಗೆ’ ಅಂತ ಕೇಳಿದರೆ ‘ಚೆನ್ನಾಗಿದ್ದೀರ ಮೇಡಂ’ ಅಂತಾಳೆ. ಹಾಗೆ ಕೇಳಬೇಡ. ‘ನಾನು ಏನು ಮಾಡಿದರೆ ನಿನಗೆ ಕೆಲಸ ಹಗುರ ಆಗುತ್ತೆ’ ಅಂತ ಕೇಳು. ಅವಳು ಹೇಳಿದ್ದಕ್ಕೆ ತಿರುಗುತ್ತರ ಕೊಡದೆ ಬಾ. ನಿನಗೆ ಕಷ್ಟ ಆಗೋದು ಅಲ್ಲೇ.

ಬಲದ ಜಾಗದಲ್ಲಿ ನೀನೇನು ಬರೆದಿದ್ದೀಯೋ ಹೇಳಲೇ ಇಲ್ಲ, ಅಷ್ಟರಲ್ಲಿ ಫೋನ್ ಇಟ್ಟೆ. ‘ಸಂವಹನ ಸಾಮರ್ಥ್ಯ’ ಅಂತ ಏನಾದರೂ ಬರೆದಿದ್ದರೆ ಹೊಡೆದುಹಾಕು. ಸರದಿ ತಪ್ಪಿಸಲ್ಲ ಅಂತ ಬರಿ. ಓವರ್‌ಟೈಮ್ ಇರಲಿ, ಹಬ್ಬದ ರಜೆ ಇರಲಿ, ಮೇಲಿನವರ ನೆಂಟಳು ಅಂತ ಯಾರಿಗೂ ಒಂದು ದಿನ ಹೆಚ್ಚು ಕೊಟ್ಟವಳಲ್ಲ ನೀನು. ಬೈಯೋ ಹುಡುಗಿಯರೂ ಅದನ್ನ ಒಪ್ಪುತ್ತಾರೆ. ಅದು ನನ್ನಿಂದ ಬಂದಿದ್ದು ಅಂತ ನಾನು ಹೇಳಿಕೊಳ್ತೀನಿ, ನಿಮ್ಮವ್ವ ಒಪ್ಪಲ್ಲ.

ಹೊಸ ಕೆಲಸ ಸಿಕ್ಕರೆ ಹೊತ್ತು ಹೊತ್ತಿಗೆ ಊಟ ಮಾಡಲ್ಲ ನೀನು, ಅದೂ ನನಗೆ ಗೊತ್ತು. ಬಿಪಿ ನಮ್ಮ ವಂಶದಲ್ಲೇ ಇದೆ.

ಈ ಕಾಗದವನ್ನ ನಿನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ‘ಅವತ್ತು ಅವಳು ಎಬ್ಬಿಸಿದ್ದರೂ ನಾನು ಏಳ್ತಿರಲಿಲ್ಲ ಕಣಣ್ಣ, ಸುಮ್ಮನೆ ಆ ಮಗೂನ ಬೈಬೇಡ’ ಅಂದ. ಅದೂ ನಿಜ ಇರಬಹುದು, ಅವನು ಅಂಥವನೇ. ಆದರೂ ಬಾಗಿಲು ತಟ್ಟಬೇಕಿತ್ತು.

ಇಂಟರ್‌ವ್ಯೂ ಮುಗಿದ ಮೇಲೆ ಫೋನ್ ಮಾಡು. ನನಗೇ ಮಾಡು.

ನಿನ್ನ ಅಪ್ಪ