ನದಿ ದಂಡೆಯ ದಾರಿಗೆ ಒಂದು ಸೈಕಲ್ ರಿಪೇರಿ ಅಂಗಡಿ ಬೇಕು: ನಗರಸಭೆ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನದಿ ದಂಡೆಯ ಸೈಕಲ್ ದಾರಿಯ ಪಕ್ಕ ಮಳಿಗೆಗಳನ್ನು ಹರಾಜು ಹಾಕುವ ವಿಚಾರ ನಿಮ್ಮ ಮೇಜಿನ ಮೇಲಿದೆ. ಅದರಲ್ಲಿ ಒಂದೇ ಒಂದು ಮಳಿಗೆಯನ್ನು ಹರಾಜಿನಿಂದ ಹೊರಗಿಟ್ಟು ಸೈಕಲ್ ರಿಪೇರಿಗೆ ಮೀಸಲಿಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಅಂಗಡಿ ಇಡಲು ನಾನು ತಯಾರಿದ್ದೇನೆ. ಅಂದರೆ ಇದರಲ್ಲಿ ನನ್ನ ಲಾಭವೂ ಇದೆ. ಆಮೇಲೆ ಯಾರೋ ನಿಮ್ಮ ಕಿವಿಯಲ್ಲಿ ಊದುವುದಕ್ಕಿಂತ ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಮಳಿಗೆ ನನ್ನ ಬದಲು ಬೇರೆ ಮೆಕ್ಯಾನಿಕ್‌ಗೆ ಸಿಕ್ಕಿದರೂ ನಾನು ಇಲ್ಲಿ ಹೇಳುವ ಮಾತು ಬದಲಾಗುವುದಿಲ್ಲ.

ದಾರಿ ಚೆನ್ನಾಗಿದೆ. ಅದರಲ್ಲಿ ಎರಡು ಮಾತಿಲ್ಲ. ನದಿ ಪಕ್ಕದ ದಾರಿಯ ಸುಖ ಏನು? ಅಡ್ಡ ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವ ಲಾರಿ ಇಲ್ಲ. ಆದರೆ ಸೈಕಲ್ ಕೈಕೊಟ್ಟಾಗ ಕಷ್ಟ ಆಗುವುದೂ ಇದರಿಂದಲೇ. ಒಂದು ಕಡೆ ನೀರು, ಇನ್ನೊಂದು ಕಡೆ ತಡೆಗೋಡೆ. ಹೊರಗೆ ಹೋಗುವ ಗೇಟು ಎಲ್ಲೋ ದೂರ. ಊರೊಳಗೆ ಪಂಕ್ಚರ್ ಆದರೆ ಯಾರನ್ನಾದರೂ ಕೇಳಬಹುದು, ಒಂದು ಗಾಡಿ ನಿಲ್ಲಿಸಬಹುದು. ಇಲ್ಲಿ ತಳ್ಳಿಕೊಂಡೇ ಬರಬೇಕು. 5 ಕಿಲೋಮೀಟರ್ ತಳ್ಳುವುದೆಂದರೆ ಒಂದು ಗಂಟೆಗೂ ಜಾಸ್ತಿ. ಕತ್ತಲಾಗುವ ಹೊತ್ತಿನಲ್ಲಿ ಒಬ್ಬಳೇ ಇರುವ ಹುಡುಗಿಗೆ ಆ ಒಂದು ಗಂಟೆ ಹೇಗಿರುತ್ತದೆ, ನೀವೇ ಯೋಚಿಸಿ. ಹಾಗೆ ಒಮ್ಮೆ ಸಿಕ್ಕಿಹಾಕಿಕೊಂಡವರು ಮತ್ತೆ ಆ ದಾರಿಗೆ ಬರಲು ಹಿಂದೆಮುಂದೆ ನೋಡುತ್ತಾರೆ.

ಇನ್ನೊಂದು ವಿಷಯ ಇಂಜಿನಿಯರ್‌ಗಳ ಗಮನಕ್ಕೆ ಬಂದಂತಿಲ್ಲ. ನದಿ ದಾರಿ ಸೈಕಲ್‌ಗೆ ಅಷ್ಟೇನೂ ಮೃದುವಲ್ಲ. ಅಲ್ಲಿ ಬೆಳಗಿನ ತೇವ ಇರುತ್ತದೆ, ನುಣ್ಣನೆಯ ಮರಳು ಇರುತ್ತದೆ. ಈ ಎರಡೂ ಚೈನಿಗೆ ಅಂಟಿದ ಎಣ್ಣೆಯೊಳಗೆ ಸೇರಿದರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ಉಕ್ಕನ್ನು ಉಜ್ಜುವ ಪೇಸ್ಟ್ ಆಗುತ್ತದೆ. ಸೈಕಲ್ ಚೈನಿನ ಒಂದೊಂದು ಕೊಂಡಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಒಳಗಿನ ಪಿನ್ನುಗಳು ಸವೆದಂತೆ ಇಡೀ ಚೈನು ಉದ್ದವಾಗುತ್ತಾ ಹೋಗುತ್ತದೆ. ಗೇರ್ ಸೈಕಲ್‌ಗಳಲ್ಲಿ ಅದು ಅರ್ಧದಿಂದ ಮುಕ್ಕಾಲು ಪರ್ಸೆಂಟ್ ಉದ್ದವಾಯಿತು ಅಂದರೆ ಬದಲಿಸುವ ಹೊತ್ತು ಬಂತು. ಕಣ್ಣಿಗೆ ಇದು ಕಾಣುವುದಿಲ್ಲ. ಅಳೆಯಲು ಬೆರಳುದ್ದದ ಒಂದು ಗೇಜ್ ಸಾಕು, ಅರ್ಧ ನಿಮಿಷದ ಕೆಲಸ. ಆಗ ಬದಲಿಸಿದರೆ ಚೈನಿನ ಖರ್ಚು ಮಾತ್ರ. ಬಿಟ್ಟರೆ ಹಿಂದಿನ ಹಲ್ಲುಚಕ್ರಗಳೂ ಸವೆದು, ಹೊಸ ಚೈನು ಹಾಕಿದರೂ ಜಾರುತ್ತದೆ. ಬ್ರೇಕಿನ ಕಥೆಯೂ ಇದೇ. ರಿಮ್ಮಿಗೆ ಒತ್ತುವ ಬ್ರೇಕ್ ಶೂನಲ್ಲಿ ಮರಳಿನ ಕಣ ಸಿಕ್ಕಿದರೆ ಅದು ಪ್ರತಿ ಸಲ ಬ್ರೇಕ್ ಹಿಡಿದಾಗಲೂ ರಿಮ್ಮನ್ನೇ ಕೆರೆಯುತ್ತದೆ. ಚಿಮಟ ಹಿಡಿದು ಆ ಕಣ ತೆಗೆಯುವುದು ಒಂದು ಕ್ಷಣದ ಕೆಲಸ, ಆದರೆ ತೆಗೆಯಲು ಒಬ್ಬರು ಅಲ್ಲಿ ಇರಬೇಕು, ಅಲ್ವಾ?

"ಗಾಳಿ ಹಾಕುವ ಮೆಷಿನ್ ಇಡುತ್ತೇವೆ, ಸಾಲದಾ?" ಅಂತ ಕಚೇರಿಯಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದ.

ಸೈಕಲ್ ಟ್ಯೂಬಿನ ವಾಲ್ವ್ ಮುಖ್ಯವಾಗಿ ಮೂರು ಬಗೆ. ಹಳೆಯ ಸಾದಾ ಸೈಕಲ್‌ಗಳಲ್ಲಿ ಡನ್‌ಲಪ್ ವಾಲ್ವ್. ಕಾರು, ಮೋಟಾರ್ ಬೈಕಿನಲ್ಲಿ ಇರುವಂಥದ್ದೇ ದಪ್ಪನೆಯದು ಶ್ರೇಡರ್. ಸಪೂರ ಟೈರಿನ ಸೈಕಲ್‌ಗಳಲ್ಲಿ ಕಡ್ಡಿಯಂತೆ ತೆಳ್ಳಗಿರುವುದು ಪ್ರೆಸ್ಟಾ, ಅದರ ತುದಿಯ ಪುಟ್ಟ ನಟ್ ಸಡಿಲಿಸದೆ ಗಾಳಿ ಒಳಗೆ ಹೋಗುವುದೇ ಇಲ್ಲ. ಸಾರ್ವಜನಿಕ ಜಾಗದ ಗಾಳಿ ಮೆಷಿನ್ ಸಾಮಾನ್ಯವಾಗಿ ಒಂದು ಬಗೆಗೆ ಹೊಂದುತ್ತದೆ, ಉಳಿದವರು ನಿಂತು ನೋಡುತ್ತಾರೆ. ಒತ್ತಡವೂ ಒಂದೇ ಅಲ್ಲ. ದಪ್ಪ ಟೈರಿಗೆ 30ರಿಂದ 50 ಪಿಎಸ್‌ಐ ಸಾಕಾದರೆ ಸಪೂರ ಟೈರಿಗೆ 80 ದಾಟಬೇಕು. ಟೈರಿನ ಬದಿಯಲ್ಲೇ ಬರೆದಿರುತ್ತಾರೆ, ಓದುವವರು ಕಡಿಮೆ. ಕಾರಿಗೆ ಮಾಡಿದ ಕಂಪ್ರೆಸರ್‌ನಿಂದ ಮಕ್ಕಳ ಸೈಕಲ್‌ಗೆ ಗಾಳಿ ಬಿಟ್ಟರೆ ಟ್ಯೂಬ್ ಢಂ ಅನ್ನಲು ಜಾಸ್ತಿ ಹೊತ್ತು ಬೇಡ.

ಗಾಳಿ ಆಯಿತು, ಇನ್ನು ಟೈರು. 26 ಇಂಚಿನ ಟೈರ್ ಕೊಡಿ ಅಂತ ಇಬ್ಬರು ಬಂದರೆ ಇಬ್ಬರಿಗೂ ಒಂದೇ ಟೈರ್ ಹೊಂದುತ್ತದೆ ಅಂತಿಲ್ಲ. ಒಬ್ಬರದು 559 ಮಿಲಿಮೀಟರ್ ರಿಮ್ ಇರಬಹುದು, ಇನ್ನೊಬ್ಬರದು 590. ಹೆಸರು ಒಂದೇ, ಟೈರ್ ಒಂದಕ್ಕೊಂದು ಕೂರುವುದಿಲ್ಲ. ಅದೇ 29 ಇಂಚು ಅನ್ನುವುದು, 700ಸಿ ಅನ್ನುವುದು ಬೇರೆ ಬೇರೆ ಅಂತ ಕೇಳಿಸಿದರೂ ಎರಡೂ 622ರ ರಿಮ್ಮೇ. ಈ ಗೊಂದಲ ಮಾಡಿದವರು ಯಾರೋ, ಅನುಭವಿಸುವವರು ನಾವು. ಇದನ್ನೆಲ್ಲ ಗೊತ್ತಿರುವ ಕೈ ಬೇಕು. ಕಂಬಕ್ಕೆ ಸರಪಳಿ ಕಟ್ಟಿ ನೇತುಹಾಕಿದ ಸ್ಪ್ಯಾನರ್‌ಗಳು ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮುರಿದ ಕಡ್ಡಿ ಬದಲಿಸಿ ಚಕ್ರದ ಬೆಂಡ್ ತೆಗೆಯುವುದು ಸ್ಪ್ಯಾನರ್‌ನಿಂದ ತಾನಾಗಿ ಆಗುವುದಿಲ್ಲ.

ಈಗ ಹರಾಜಿನ ಮಾತು. ಜಾಸ್ತಿ ಬಾಡಿಗೆ ಕೂಗಿದವರಿಗೆ ಮಳಿಗೆ ಅನ್ನುವ ನಿಯಮ ಇಟ್ಟರೆ ರಿಪೇರಿಯವರು ಮೊದಲ ಸುತ್ತಿನಲ್ಲೇ ಹೊರಗೆ. ಕಾರಣ ಸರಳ. ತಂಪು ಪಾನೀಯ ಮಾರುವವರು ಒಂದು ನಿಮಿಷದಲ್ಲಿ ಒಂದು ವ್ಯಾಪಾರ ಮುಗಿಸುತ್ತಾರೆ. ಪಂಕ್ಚರ್ ಹಾಕುವವರು ಚಕ್ರ ಬಿಚ್ಚಬೇಕು, ಟ್ಯೂಬ್ ಎಳೆಯಬೇಕು, ತೂತು ಹುಡುಕಬೇಕು, ಉಜ್ಜಬೇಕು, ಸಲ್ಯೂಷನ್ ಹಚ್ಚಿ ಅದು ಒಣಗುವವರೆಗೆ ಕಾಯಬೇಕು. ಅವಸರ ಮಾಡಿ ಹಸಿ ಸಲ್ಯೂಷನ್ ಮೇಲೆ ಪ್ಯಾಚ್ ಒತ್ತಿದರೆ ನಾಳೆ ಅದೇ ಗಿರಾಕಿ ವಾಪಸ್ ಬರುತ್ತಾರೆ, ಮುಖ ಗಂಟಿಕ್ಕಿಕೊಂಡು. ಜೊತೆಗೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಇನ್ನೂ ಅಲ್ಲೇ ಇದೆಯಾ ಅಂತ ನೋಡಬೇಕು. ಇಷ್ಟು ಹೊತ್ತಿಗೆ ಪಕ್ಕದ ಮಳಿಗೆಯಲ್ಲಿ ಇಪ್ಪತ್ತು ಜನ ಬಂದು ಹೋಗಿರುತ್ತಾರೆ. ಒಂದೇ ತಕ್ಕಡಿಯಲ್ಲಿ ಇಬ್ಬರನ್ನೂ ತೂಗಿದರೆ ಫಲಿತಾಂಶ ಹರಾಜಿಗೂ ಮೊದಲೇ ಗೊತ್ತು.

ಹರಾಜಿನಲ್ಲಿ ಗೆಲ್ಲಬಹುದಾದ ಸೈಕಲ್ ವ್ಯಾಪಾರ ಒಂದಿದೆ: ಮೊಬೈಲ್ ಆ್ಯಪಿನಲ್ಲಿ ಬಾಡಿಗೆ ಸೈಕಲ್ ಬಿಡುವ ಕಂಪನಿ. ಬಾಡಿಗೆ ಸೈಕಲ್ ಕೆಟ್ಟದ್ದು ಅನ್ನುವುದು ನನ್ನ ವಾದ ಅಲ್ಲ. ಸ್ವಂತ ಸೈಕಲ್ ಇಲ್ಲದವರಿಗೆ ಅದು ಬೇಕು. ಆದರೆ ನೋಡಿಕೊಳ್ಳುವವರಿಲ್ಲದೆ ಸೈಕಲ್ ಸುರಿದರೆ ಏನಾಗುತ್ತದೆ ಅಂತ ಮೆಲ್ಬೋರ್ನ್ ನೋಡಿದೆ. 2017ರಲ್ಲಿ ಓಬೈಕ್ ಅನ್ನುವ ಕಂಪನಿ ಅಲ್ಲಿ ನಿಲ್ದಾಣವೇ ಇಲ್ಲದೆ, ಎಲ್ಲಿ ಬೇಕಾದರೂ ಬಿಟ್ಟುಹೋಗುವ ಸೈಕಲ್‌ಗಳನ್ನು ಇಳಿಸಿತು. ಜನ ಮರದ ಮೇಲೆ ಹತ್ತಿಸಿದರು, ಅಲ್ಲಿನ ಯಾರಾ ಅನ್ನುವ ನದಿಗೆ ಎಸೆದರು. ನದಿಯಿಂದ ಡಜನ್‌ಗಟ್ಟಲೆ ಸೈಕಲ್ ಮೇಲೆತ್ತಬೇಕಾಯಿತು. ಮರುವರ್ಷ ಕಂಪನಿ ಆ ಊರು ಬಿಟ್ಟಿತು. ನಮ್ಮ ದಾರಿಯೂ ನೀರಿನ ಪಕ್ಕದಲ್ಲೇ ಇದೆ. ಬಾಡಿಗೆ ಸೈಕಲ್ ತರುವುದಾದರೆ ತನ್ನಿ, ಅದರ ಬ್ರೇಕ್ ವಾರಕ್ಕೊಮ್ಮೆ ನೋಡುವ ಕೆಲಸವನ್ನು ಇಲ್ಲೇ ಇರುವ ಅಂಗಡಿಗೆ ಒಪ್ಪಿಸಿ.

ಇನ್ನು ಜಾಗ. ನಕ್ಷೆಯಲ್ಲಿ ಮಳಿಗೆಗಳನ್ನು ನೀರಿಗೆ ತೀರಾ ಹತ್ತಿರ, ಮೆಟ್ಟಿಲುಗಳ ಕೆಳಗೆ ತೋರಿಸಿದ್ದಾರೆ. ನೋಟ ಚೆನ್ನಾಗಿರುತ್ತದೆ ಅನ್ನುವುದು ಕಾರಣ. ದಯವಿಟ್ಟು ರಿಪೇರಿ ಅಂಗಡಿಗೆ ಆ ನೋಟ ಬೇಡ. ದಾರಿ ಬಂದು ಊರಿನ ರಸ್ತೆಗೆ ಸೇರುವ ಕಡೆ, ಮೇಲಿನ ಮಟ್ಟದಲ್ಲಿ ಒಂದು ಸಣ್ಣ ಕೋಣೆ ಸಾಕು. ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬರುವವರು ಮೆಟ್ಟಿಲು ಇಳಿಯಬಾರದು, ಹತ್ತಬಾರದು. ಊರಿನ ಕಡೆಯಿಂದಲೂ ಗಿರಾಕಿ ಬರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ.

ಪ್ರವಾಹದ ಭಯವೂ ಸುಮ್ನೆ ಅಲ್ಲ. ವಿಮಾನ ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ 1892ರಲ್ಲಿ ಸೈಕಲ್ ಅಂಗಡಿ ತೆರೆದವರು. ಮಾರಾಟ, ರಿಪೇರಿ, ಆಮೇಲೆ ತಮ್ಮದೇ ಸೈಕಲ್ ತಯಾರಿ. ಹಾರಾಟದ ಪ್ರಯೋಗಗಳಿಗೆ ಹಣ ಬಂದದ್ದು ಆ ವ್ಯಾಪಾರದಿಂದ. 1913ರಲ್ಲಿ ಗ್ರೇಟ್ ಮಯಾಮಿ ನದಿ ಉಕ್ಕಿ ಆ ಊರನ್ನು ಮುಳುಗಿಸಿದಾಗ ಅವರ ಗಾಜಿನ ನೆಗೆಟಿವ್‌ಗಳೂ ನೀರಿಗೆ ಸಿಕ್ಕವು. 1903ರ ಮೊದಲ ಹಾರಾಟದ ಆ ಪ್ರಸಿದ್ಧ ಚಿತ್ರದ ಮೂಲೆ ಹಾಳಾದದ್ದು ಹಾಗೆ. ಆ ಊರಿನವರು ಆಮೇಲೆ ಒಡ್ಡು ಕಟ್ಟಿದರು, ಅಣೆಕಟ್ಟುಗಳನ್ನು ಕಟ್ಟಿದರು. ಇವತ್ತು ಅದೇ ನದಿಯ ದಂಡೆಯಲ್ಲಿ ಉದ್ದನೆಯ ಸೈಕಲ್ ದಾರಿ ಇದೆ. ನದಿಗೆ ಜಾಗ ಬಿಟ್ಟು ಕೂರುವುದನ್ನು ನಾವು ಮೊದಲೇ ಮಾಡಬಹುದು. ನನ್ನ ಅಂಗಡಿಯಲ್ಲಿ ಮುಳುಗಿದರೆ ಹಾಳಾಗುವುದು ಬೇರಿಂಗ್, ಚೈನು, ಸ್ಪ್ಯಾನರ್. ಬ್ಯಾಟರಿ ಸೈಕಲ್ ರಿಪೇರಿಗೆ ಬಂದಿದ್ದರೆ ವಿಷಯ ಇನ್ನೂ ಗಂಭೀರ. ಲಿಥಿಯಂ ಬ್ಯಾಟರಿಗೆ ನೀರು ಹೊಕ್ಕರೆ ಒಳಗೆ ಶಾರ್ಟ್ ಆಗಿ, ನೀರು ಇಳಿದ ಮೇಲೂ ಹೊತ್ತಿಕೊಳ್ಳಬಹುದು.

ನಿಮ್ಮ ಕಡೆಯಿಂದ ಬರುವ ಆಕ್ಷೇಪಣೆಗಳೂ ಗೊತ್ತು. ಅವುಗಳಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ: ಎಣ್ಣೆ. ಚೈನು ತೊಳೆದ ಕಪ್ಪು ನೀರು ಚರಂಡಿಗೆ ಹೋದರೆ ಅದು ಸೀದಾ ನದಿಗೆ. ಹಾಗಾಗಿ ಪರವಾನಗಿಯಲ್ಲೇ ಬರೆದುಬಿಡಿ. ತೊಳೆಯುವ ಕೆಲಸ ತೊಟ್ಟಿಯಲ್ಲಿ, ಕೊಳೆ ಎಣ್ಣೆ ಡಬ್ಬಿಯಲ್ಲಿ, ಡಬ್ಬಿ ನಿಮ್ಮ ವಿಲೇವಾರಿ ಗಾಡಿಗೆ. ಹಳೆ ಟೈರ್ ಹೊರಗೆ ರಾಶಿ ಹಾಕುವಂತಿಲ್ಲ ಅಂತಲೂ ಸೇರಿಸಿ, ಮಳೆ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುವುದು ಅಂಥ ರಾಶಿಯಲ್ಲೇ. ತಪ್ಪಿದರೆ ಬೀಗ ಹಾಕಿ. ಆದರೆ ನಡೆಯುವವರಿಗೆ ತೊಂದರೆ ಅನ್ನುವ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ನಡೆಯುವವರೂ ಸೈಕಲ್ ತುಳಿಯುವವರೂ ಎರಡೂ ದಿಕ್ಕಿನಲ್ಲಿ ಓಡಾಡುವ ದಾರಿ ಕನಿಷ್ಠ 3 ಮೀಟರ್ ಅಗಲ ಇರಬೇಕು. ನಮ್ಮದು ಕೆಲವು ಕಡೆ ಕಿರಿದಾಗಿದೆ. ಅದನ್ನು ಸರಿ ಮಾಡುವುದು ಅಂಗಡಿಯ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಅಂಗಡಿ ಮಾಡಬಹುದಾದ್ದು ಬೆಲ್ ಇಲ್ಲದ ಸೈಕಲ್‌ಗೆ ಬೆಲ್ ಹಾಕಿಕೊಡುವುದು, ಬ್ರೇಕ್ ಹಿಡಿಯದ ಸೈಕಲ್‌ನ ಬ್ರೇಕ್ ಹಿಡಿಯುವ ಹಾಗೆ ಮಾಡುವುದು. ನಡೆಯುವವರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ.

ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ 300ಕ್ಕೂ ಹೆಚ್ಚು ಕಿಲೋಮೀಟರ್ ಜನ ಸೈಕಲ್ ತುಳಿಯುತ್ತಾರೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿಯೇ ಅದರಲ್ಲಿ ಬಹಳ ಕಡೆ ಸೈಕಲ್ ದಾರಿಯಾಗಿದೆ. ಅಷ್ಟು ದೂರ ಹೋಗುವ ಧೈರ್ಯ ಮನೆಮಂದಿಗೆಲ್ಲ ಬರುವುದು ದಾರಿ ನುಣುಪಾಗಿದೆ ಅಂತ ಮಾತ್ರ ಅಲ್ಲ, ನಡುವೆ ಸಿಗುವ ಊರುಗಳಲ್ಲಿ ಸೈಕಲ್ ಸರಿ ಮಾಡುವವರು ಇದ್ದಾರೆ ಅಂತ ಕೂಡ. ನಮ್ಮದು ಅಷ್ಟು ಉದ್ದದ ದಾರಿ ಅಲ್ಲ. ಒಂದು ಅಂಗಡಿ ಸಾಕು.

ಹಾಗಾಗಿ ನಾನು ಕೇಳುವುದು ಇಷ್ಟು. ಒಂದು ಮಳಿಗೆಗೆ ಹರಾಜು ಬೇಡ, ನಿಗದಿತ ಬಾಡಿಗೆ ಇಡಿ. ಅರ್ಜಿ ಹಾಕಿದವರಿಗೆ ಒಂದು ಚಕ್ರ, ಒಂದು ಹಾಳಾದ ಬ್ರೇಕ್, ಒಂದು ಗೇರ್ ಸೈಕಲ್ ಕೊಟ್ಟು ಕೆಲಸ ಮಾಡಿಸಿ ನೋಡಿ ಆಯ್ಕೆ ಮಾಡಿ. ಪ್ರವಾಹ ಅಂತ ನೀವೇ ದಾರಿ ಮುಚ್ಚಿದ ದಿನಗಳಿಗೆ ಬಾಡಿಗೆ ಹಿಡಿಯಬೇಡಿ. ಬದಲಿಗೆ ಬೆಳಗಿನ ಜಾವ ಮತ್ತು ಸಂಜೆ ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಅಂಗಡಿ ತೆರೆದಿರಬೇಕು ಅಂತ ಕಟ್ಟುನಿಟ್ಟಾಗಿ ಹೇಳಿ. ನಡು ಮಧ್ಯಾಹ್ನ ಆ ದಾರಿಯಲ್ಲಿ ಯಾರೂ ಇರುವುದಿಲ್ಲ, ಆಗ ಬೇಕಾದರೆ ಬಾಗಿಲು ಹಾಕಿಕೊಳ್ಳಲಿ. ಗಾಳಿಗೆ ದುಡ್ಡು ತೆಗೆದುಕೊಳ್ಳಬಾರದು ಅನ್ನುವ ಷರತ್ತನ್ನೂ ಹಾಕಿ. ಅಂಗಡಿಯವರು ಗೊಣಗಿದರೆ ಗೊಣಗಲಿ, ಗಾಳಿಗೆ ಬಂದವರೇ ನಾಳೆ ಚೈನಿಗೆ ಬರುತ್ತಾರೆ.

ಮಳಿಗೆಗಳ ನಕ್ಷೆಗೆ ಸಹಿ ಹಾಕುವ ಮೊದಲು ಒಂದು ಸಂಜೆ ಇಂಜಿನಿಯರ್ ಜೊತೆ ದಾರಿಗೆ ಬನ್ನಿ. ದಾರಿ ರಸ್ತೆಗೆ ಸೇರುವ ಆ ಮೇಲಿನ ಜಾಗವನ್ನು ನಾನು ತೋರಿಸುತ್ತೇನೆ. ಬರುವ ದಿನವನ್ನು ಎರಡು ದಿನ ಮೊದಲು ತಿಳಿಸಿದರೆ ಸಾಕು, ನಿಮ್ಮಿಬ್ಬರಿಗೂ ಸೈಕಲ್ ತಯಾರಿರುತ್ತದೆ.

ಇಂತಿ,
ಈ ದಾರಿಯ ಪಕ್ಕ ಸೈಕಲ್ ಅಂಗಡಿ ಇಡಬೇಕೆಂದಿರುವ ಒಬ್ಬ ಮೆಕ್ಯಾನಿಕ್