ಭಾನುವಾರ ದೋಣಿಯ ತಳ ನೋಡೋಣ

ಗೆಳೆಯರೇ, ಮಳೆಗಾಲ ಅಂತ ಸ್ಪೀಡ್‌ಬೋಟ್‌ಗಳನ್ನು ದಡಕ್ಕೆ ಎಳೆದಿಟ್ಟಿದ್ದಾರೆ. ತಳ ಕಣ್ಣಿಗೆ ಕಾಣೋದು ಈಗಲೇ. ಭಾನುವಾರ ಬೆಳಿಗ್ಗೆ 7ಕ್ಕೆ ಪಣಜಿಯ ಫೆರಿ ಹತ್ತಿರ ಸೇರಿ, ಮಾಂಡೋವಿ ದಾಟಿ ಬೇತಿಂಗೆ ಹೋಗೋಣ.

ಹಿಂದೆಲ್ಲ ವೇಗದ ದೋಣಿಗಳ ತಳ ಹಿಂಬದಿಯಲ್ಲಿ ಹೆಚ್ಚುಕಮ್ಮಿ ಚಪ್ಪಟೆ. ಶಾಂತ ನೀರಲ್ಲಿ ಚೆನ್ನಾಗಿ ಓಡುತ್ತಿದ್ದವು. ಅಲೆ ಬಂದರೆ ಧಡಧಡ ಬಡಿತ, ಸೊಂಟಕ್ಕೆ ಪೆಟ್ಟು. ಅಮೆರಿಕದ ದೋಣಿ ವಿನ್ಯಾಸಕ ರೇ ಹಂಟ್ ತಳದ ‘ವಿ’ ಆಕಾರವನ್ನು ಹಿಂದಿನ ತುದಿವರೆಗೂ ಆಳವಾಗಿಯೇ ಉಳಿಸಿದರು. ಅಲ್ಲೂ ತಳದ ಎರಡೂ ಬದಿಗೆ ಸುಮಾರು 24 ಡಿಗ್ರಿ ಇಳಿಜಾರು! 1960ರ ಮಯಾಮಿ–ನಸ್ಸಾವ್ ರೇಸ್‌ನಲ್ಲಿ ಅವರ ವಿನ್ಯಾಸದ ‘ಮಾಪಿ’ ಒರಟು ಸಮುದ್ರದಲ್ಲಿ ಗೆದ್ದಿತು. ನನ್ನ ಪ್ರಕಾರ ದೋಣಿ ವಿನ್ಯಾಸಕ್ಕೆ ಅದೇ ದೊಡ್ಡ ತಿರುವು.

ತಳದುದ್ದಕ್ಕೂ ಇರುವ ಪಟ್ಟಿಗಳನ್ನು ಗಮನಿಸಿ. ನೀರನ್ನು ಬದಿಗೆ ತಳ್ಳಿ ದೋಣಿಯನ್ನು ಮೇಲೆತ್ತಲು ನೆರವಾಗೋದು ಅವೇ. ಆಳ ‘ವಿ’ಗೆ ಎಂಜಿನ್ ಶಕ್ತಿ ಜಾಸ್ತಿ ಬೇಕು, ನಿಂತಾಗ ಓಲಾಟವೂ ಜಾಸ್ತಿ.

ಕೊಡೆ ತನ್ನಿ. ಮಾಲೀಕರನ್ನು ಕೇಳಿಯೇ ದೋಣಿ ಮುಟ್ಟಿ.