ಸಾಲ್ಮೊನೆಲ್ಲಾ ಕಲ್ಚರ್ ರಿಪೋರ್ಟ್: ಔಷಧಗಳ ಪಟ್ಟಿ ಚಿಕ್ಕದಾಗಿದೆ, ದರ ಏರಿದೆ

ಪ್ರಿಯ ಗ್ರಾಹಕರೇ,

ಕಲ್ಚರ್‌ನಲ್ಲಿ (ರಕ್ತದಿಂದ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಬೆಳೆದರೆ ಈ ತಿಂಗಳಿನಿಂದ ಆರೇ ಔಷಧಗಳ ಫಲಿತಾಂಶ (ನಾಟುತ್ತವೋ ಇಲ್ಲವೋ) ಕೊಡುತ್ತಿದ್ದೇವೆ: ಆಂಪಿಸಿಲಿನ್, ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್. ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡದಿದ್ದರೆ ಮಾತ್ರ ಮೆರೊಪೆನೆಮ್ ಸೇರುತ್ತದೆ. ದರ ಏರಿಸಿದ್ದಕ್ಕೆ ಕ್ಷಮೆಯಿರಲಿ. ಪಟ್ಟಿ ಇಳಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

“ಬೇರೆಯವರು ಹದಿನೈದು ಔಷಧ ತೋರಿಸುತ್ತಾರೆ, ನೀವು ಹೆಚ್ಚು ದುಡ್ಡು ತಗೊಂಡು ಆರೇ ತೋರಿಸ್ತೀರಲ್ಲ?” ಕೌಂಟರಿನಲ್ಲಿ ದಿನಾ ಕೇಳುವ ಮಾತಿದು. ಜೆಂಟಾಮೈಸಿನ್, ಅಮಿಕಾಸಿನ್, ಸೆಫಲೆಕ್ಸಿನ್ ಡಿಸ್ಕ್‌ಗಳನ್ನು (ಔಷಧ ಸೇರಿಸಿದ ಪುಟ್ಟ ಕಾಗದದ ಬಿಲ್ಲೆಗಳು) ಕ್ರಿಮಿ ಬೆಳೆಸುವ ಪ್ಲೇಟಿನ ಮೇಲಿಟ್ಟರೆ ಸುತ್ತ ಕ್ರಿಮಿ ಬೆಳೆಯದ ದೊಡ್ಡ ವೃತ್ತ ಬರುತ್ತದೆ, ನಿಜ. ಆದರೆ ದೇಹದಲ್ಲಿ ಸಾಲ್ಮೊನೆಲ್ಲಾ ನಮ್ಮ ಜೀವಕೋಶಗಳ ಒಳಗೇ ಅಡಗಿರುತ್ತದೆ. ಈ ಔಷಧಗಳಿಂದ ಜ್ವರ ವಾಸಿಯಾಗುವುದಿಲ್ಲ. ಅದಕ್ಕೇ ಇವನ್ನು ‘ಸೆನ್ಸಿಟಿವ್’ (‘ಎಸ್’, ಅಂದರೆ ನಾಟುತ್ತದೆ) ಎಂದು ವರದಿ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಉದ್ದದ ಪಟ್ಟಿಯ ಕೆಳಗೆ ಟಿಪ್ಪಣಿ ಹಾಕಿ ನೋಡಿದ್ದೇವೆ. ‘ಎಸ್’ ಅಕ್ಷರ ಕಂಡ ಮೇಲೆ ಟಿಪ್ಪಣಿ ಯಾರು ಓದುತ್ತಾರೆ?

ಸಿಪ್ರೊಫ್ಲಾಕ್ಸಸಿನ್ ಕಥೆ ಇನ್ನೂ ಸೂಕ್ಷ್ಮ. ಕ್ರಿಮಿ ಅರೆಬರೆ ನಿರೋಧಕವಾಗಿದ್ದರೂ ಈ ಔಷಧದ ಡಿಸ್ಕಿನ ವೃತ್ತ ಚೆನ್ನಾಗಿಯೇ ಕಾಣಬಹುದು, ಚಿಕಿತ್ಸೆ ಮಾತ್ರ ಸೋಲಬಹುದು. ಆದ್ದರಿಂದ ಅದರ ಬದಲು ಅದೇ ಗುಂಪಿನ ಇನ್ನೊಂದು ಔಷಧವಾದ ಪೆಫ್ಲಾಕ್ಸಸಿನ್‌ನ 5 ಮೈಕ್ರೊಗ್ರಾಂ ಡಿಸ್ಕ್ ಇಟ್ಟು ಅಳೆಯುತ್ತೇವೆ. ವೃತ್ತ 24 ಮಿ.ಮೀ. ಬಂದರೆ ಸಿಪ್ರೊಫ್ಲಾಕ್ಸಸಿನ್ ಕೊಡಬಹುದು, 23 ಬಂದರೆ ಇಲ್ಲ. ಒಂದೇ ಮಿಲಿಮೀಟರ್! ಪ್ಲೇಟಿನಲ್ಲಿ ಕ್ರಿಮಿ ಬೆಳೆಯುವ ಜೆಲ್ಲಿ, ಅಂದರೆ ಅಗಾರ್, 4 ಮಿ.ಮೀ.ಗಿಂತ ದಪ್ಪವಾದರೆ ವೃತ್ತ ಕುಗ್ಗಿ ಒಳ್ಳೆಯ ಔಷಧ ಕೆಟ್ಟದ್ದೆನಿಸುತ್ತದೆ, ತೆಳುವಾದರೆ ಅದರ ಉಲ್ಟಾ. ಗೊತ್ತಿರುವ ಕಂಟ್ರೋಲ್ ಕ್ರಿಮಿಯನ್ನು ಜೊತೆಗೇ ಬೆಳೆಸಿ ತಾಳೆ ನೋಡದೆ ಆ ಒಂದು ಮಿಲಿಮೀಟರನ್ನು ನಂಬುವಂತಿಲ್ಲ.

ಖರ್ಚಿನ ವಿಷಯ. ಡಿಸ್ಕ್ ದುಬಾರಿಯಲ್ಲ. ಅಜಿತ್ರೊಮೈಸಿನ್ ವೃತ್ತದ ಅಂಚು ಮಸುಕಾಗಿ ಬರುವುದರಿಂದ ಎಂಐಸಿ ಸ್ಟ್ರಿಪ್ (ಕ್ರಿಮಿಯನ್ನು ತಡೆಯಲು ಕನಿಷ್ಠ ಎಷ್ಟು ಔಷಧ ಬೇಕೆಂದು ತೋರಿಸುವ ಪಟ್ಟಿ) ಇಡಬೇಕಾಗುತ್ತದೆ, ದುಬಾರಿ ಅದೇ. ಸಾಲ್ಮೊನೆಲ್ಲಾ ದಿನಾ ಬೆಳೆಯುವುದಿಲ್ಲ, ಸ್ಟ್ರಿಪ್‌ಗಳ ಅವಧಿ ನಮಗಾಗಿ ಕಾಯುವುದೂ ಇಲ್ಲ. ಬಿಸಾಡಿದ್ದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ‘ಲಾಭ ಹೊಡೀತಾರೆ’ ಅಂತ ಮಾತ್ರ ಅನ್ನುತ್ತಾರೆ.

ತಡವಾಗುತ್ತದೆ ಎನ್ನುವವರಿಗೆ: ಬಾಟಲಿಯಲ್ಲಿ ಕ್ರಿಮಿ ಬೆಳೆದ ಮೇಲೂ ಪ್ಲೇಟ್ 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇರಲೇಬೇಕು. ಟೈಫಾಯ್ಡ್‌ಗೆ ಮಾಡುವ ಇನ್ನೊಂದು ರಕ್ತಪರೀಕ್ಷೆಯಾದ ವಿಡಾಲ್ ಅದೇ ದಿನ ಬರುತ್ತದೆ, ಆದರೆ ಯಾವ ಔಷಧ ನಾಟುತ್ತದೆಂದು ಅದು ಹೇಳುವುದಿಲ್ಲ.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ರಕ್ತ ಕೊಡಿ. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿ.ಲೀ. ಬೇಕು, ಟೈಫಾಯ್ಡ್‌ನಲ್ಲಿ ಎಷ್ಟೋ ಸಲ ಒಂದು ಮಿ.ಲೀ. ರಕ್ತಕ್ಕೆ ಒಂದು ಕ್ರಿಮಿಯೂ ಸಿಗುವುದಿಲ್ಲ, ಎರಡು ಮಿ.ಲೀ. ಕೊಟ್ಟು ‘ಏನೂ ಬೆಳೆಯಲಿಲ್ಲ’ ಎಂದರೆ ಅದಕ್ಕೆ ಅರ್ಥವಿಲ್ಲ. ಕ್ಲಿನಿಕ್‌ನವರು ಬಾಟಲಿಯನ್ನು ಫ್ರಿಜ್‌ನಲ್ಲಿಡಬೇಡಿ.

ಬಾಟಲಿ ಪಾಸಿಟಿವ್ ಆದ ಕೂಡಲೇ, ರಾತ್ರಿಯಾಗಿದ್ದರೂ, ನಿಮ್ಮ ಡಾಕ್ಟರಿಗೆ ನಾವೇ ಫೋನ್ ಮಾಡುತ್ತೇವೆ. ಅದಕ್ಕೆ ದರವಿಲ್ಲ.

ಇಂತಿ,
ಲ್ಯಾಬ್‌ನ ಎಲ್ಲರ ಪರವಾಗಿ